ಅಂಗಡಿ ಮಾಲೀಕನ ದುಡಿಮೆಗೂ ಸಂಬಳದ ಲೆಕ್ಕ ಬೇಕು

ಮಾನ್ಯ ಸಂಪಾದಕರೇ,

1961ರ ಆದಾಯ ತೆರಿಗೆ ಕಾಯ್ದೆ ಹೋಗಿ 2025ರ ಹೊಸ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ. 819 ಕಲಂಗಳಿದ್ದ ಕಡೆ ಈಗ 536 ಕಲಂಗಳಿವೆ. ‘ಹಿಂದಿನ ವರ್ಷ’, ‘ಕರನಿರ್ಧಾರಣಾ ವರ್ಷ’ ಎಂಬ ಗೊಂದಲದ ಜೋಡಿ ಹೋಗಿ ‘ತೆರಿಗೆ ವರ್ಷ’ ಒಂದೇ ಉಳಿದಿದೆ. ದಾವಣಗೆರೆಯ ಮಂಡಿಪೇಟೆ, ಚೌಕಿಪೇಟೆಗಳ ಸುತ್ತಮುತ್ತಲ ಅಂಗಡಿಗಳ ಲೆಕ್ಕ ಬರೆದು, ರಿಟರ್ನ್ಸ್ ಸಲ್ಲಿಸಿ ಬದುಕು ಸಾಗಿಸಿದ ನನ್ನಂಥವನಿಗೆ ಈ ಸರಳತೆ ಸ್ವಾಗತಾರ್ಹವೇ. ಆದರೆ ಬೆಳಿಗ್ಗೆ ಬಾಗಿಲು ತೆಗೆದು ರಾತ್ರಿ ಹತ್ತರವರೆಗೆ ಗಲ್ಲಾದ ಮುಂದೆ ಕೂರುವ ಅಂಗಡಿ ಮಾಲೀಕನ ಸ್ವಂತ ದುಡಿಮೆಗೆ ಬೆಲೆ ಎಷ್ಟು, ಅದನ್ನು ಅವನು ಹೇಗೆ ಪಡೆಯಬೇಕು, ಅದಕ್ಕೆ ತೆರಿಗೆಯ ಲೆಕ್ಕದಲ್ಲಿ ಸ್ಥಾನವೇನು ಎಂಬ ಪ್ರಶ್ನೆಯನ್ನು ಹಳೆಯ ಕಾಯ್ದೆ ಎಲ್ಲಿ ಬಿಟ್ಟಿತ್ತೋ ಹೊಸದೂ ಅಲ್ಲಿಯೇ ಬಿಟ್ಟಿದೆ. ಆ ಬಗ್ಗೆ ಕೆಲವು ಮಾತುಗಳನ್ನು ತಮ್ಮ ಪತ್ರಿಕೆಯ ಮೂಲಕ ವ್ಯಾಪಾರಸ್ಥರ ಮತ್ತು ಜನಪ್ರತಿನಿಧಿಗಳ ಗಮನಕ್ಕೆ ತರಬಯಸುತ್ತೇನೆ.

ಒಬ್ಬನೇ ಮಾಲೀಕನಿರುವ ಅಂಗಡಿಗೆ ಕಾನೂನಿನಲ್ಲಿ ಪ್ರತ್ಯೇಕ ಅಸ್ತಿತ್ವವಿಲ್ಲ. ಅಂಗಡಿಯ ಪ್ಯಾನ್ ಮಾಲೀಕನದೇ, ಅಂಗಡಿಯ ಸಾಲವೂ ಮಾಲೀಕನದೇ, ಲಾಭವೂ ಮಾಲೀಕನದೇ. ಹಾಗಾಗಿ ಅವನು ತನಗೆ ತಾನೇ ಸಂಬಳ ಕೊಟ್ಟುಕೊಂಡರೆ ಅದನ್ನು ಖರ್ಚು ಎಂದು ತೋರಿಸಲು ಬರುವುದಿಲ್ಲ. ಗಲ್ಲಾದಿಂದ ಮನೆಗೆ ತೆಗೆದದ್ದೆಲ್ಲ ‘ಡ್ರಾಯಿಂಗ್ಸ್’ ಆಗಿ ಬಂಡವಾಳದ ಖಾತೆಯಿಂದ ಕಳೆಯುತ್ತದೆಯೇ ಹೊರತು ಲಾಭದಿಂದಲ್ಲ. ಈ ತರ್ಕ ಹಳೆಯದು. ಮುಂಬೈಯ ಬೆಳ್ಳಿ ಮತ್ತು ಷೇರು ವ್ಯಾಪಾರಿ ಸರ್ ಕೀಕಾಭಾಯಿ ಪ್ರೇಮಚಂದ್ ತಮ್ಮ ವ್ಯಾಪಾರದ ದಾಸ್ತಾನಿನಿಂದ ಬೆಳ್ಳಿಯ ಗಟ್ಟಿಗಳನ್ನೂ ಷೇರುಗಳನ್ನೂ ತೆಗೆದು ಟ್ರಸ್ಟ್‌ಗಳಿಗೆ ವಹಿಸಿದಾಗ, ಕೊಂಡ ಬೆಲೆಗೂ ಅಂದಿನ ಮಾರುಕಟ್ಟೆ ಬೆಲೆಗೂ ಇದ್ದ ವ್ಯತ್ಯಾಸವನ್ನು ಲಾಭವೆಂದು ಎಣಿಸಲು ಇಲಾಖೆ ಹೊರಟಿತ್ತು. ಮನುಷ್ಯ ತನ್ನೊಂದಿಗೆ ತಾನೇ ವ್ಯಾಪಾರ ಮಾಡಿ ಲಾಭ ಗಳಿಸಲಾರ ಎಂಬ ನೆಲೆಯಲ್ಲಿ ಸುಪ್ರೀಂ ಕೋರ್ಟ್ 1953ರಲ್ಲಿ ಅದನ್ನು ತಳ್ಳಿಹಾಕಿತು. ಅಂದು ವ್ಯಾಪಾರಿಯನ್ನು ಕಾಪಾಡಿದ ತರ್ಕವೇ ತಿರುಗಿ ನಿಂತು, ತನ್ನಲ್ಲಿ ತಾನೇ ಕೆಲಸ ಮಾಡಿ ಸಂಬಳ ಪಡೆಯಲೂ ಆಗದು ಎಂದು ಇಂದಿನ ಸಣ್ಣ ಅಂಗಡಿಯವನಿಗೆ ಹೇಳುತ್ತಿದೆ. ಕಾನೂನಿನ ದೃಷ್ಟಿಯಲ್ಲಿ ಇದು ಸರಿಯೇ ಇರಬಹುದು. ಆದರೆ ಕಾನೂನು ಸಂಬಳವನ್ನು ಒಪ್ಪುವುದಿಲ್ಲ ಎಂದಮಾತ್ರಕ್ಕೆ ವ್ಯಾಪಾರಿಯೂ ಅದರ ಲೆಕ್ಕ ಬಿಡಬೇಕಾಗಿಲ್ಲ. ನಮ್ಮಲ್ಲಿ ಬಹುಪಾಲು ಜನ ಬಿಟ್ಟಿದ್ದಾರೆ.

ಒಂದು ಸಾಮಾನ್ಯ ಕಿರಾಣಿ ಅಂಗಡಿಯ ದಿನವನ್ನು ನೋಡಿ. ಬೆಳಿಗ್ಗೆ ಹಾಲಿನವನಿಗೆ ಗಲ್ಲಾದಿಂದ ಹಣ ಹೋಗುತ್ತದೆ. ಆ ಹಾಲಿನಲ್ಲಿ ಅರ್ಧ ಅಂಗಡಿಯ ಮಾರಾಟಕ್ಕೆ, ಎರಡು ಪ್ಯಾಕೆಟ್ ಮನೆಗೆ. ಮಧ್ಯಾಹ್ನ ಮಗನ ಕಾಲೇಜು ಫೀಸು ಅಂಗಡಿಯ ಫೋನಿನಿಂದಲೇ ಯುಪಿಐನಲ್ಲಿ ಹೋಗುತ್ತದೆ. ಸಂಜೆ ಮನೆಯವರು ಬಂದು ಐದು ಕೆ.ಜಿ. ಅಕ್ಕಿ, ಒಂದು ಲೀಟರ್ ಎಣ್ಣೆ, ಬೇಳೆ ಒಯ್ಯುತ್ತಾರೆ. ಸ್ವಂತ ಅಂಗಡಿಯ ಸಾಮಾನಿಗೆ ಯಾರು ಚೀಟಿ ಬರೆಯುತ್ತಾರೆ? ರಾತ್ರಿ ಚೀಟಿ ಫಂಡಿನವನು ಬಂದು ಕಂತು ತೆಗೆದುಕೊಂಡು ಹೋಗುತ್ತಾನೆ. ಇಷ್ಟೂ ಮಾಲೀಕನ ಸಂಬಳವೇ, ಆದರೆ ನೂರು ಚೂರುಗಳಾಗಿ, ಒಂದಕ್ಕೂ ದಾಖಲೆಯಿಲ್ಲದೆ ಹೋದ ಸಂಬಳ. ಹಳೆಯ ಕಾಲದ ಮಂಡಿ ಸಾಹುಕಾರರ ಕಿರ್ದಿ, ಖಾತೆ ಪುಸ್ತಕಗಳಲ್ಲಿ ‘ಮನೆ ಖರ್ಚು’ ಎಂದೇ ಒಂದು ಪುಟ ಇರುತ್ತಿತ್ತು. ಹಬ್ಬದ ಬಟ್ಟೆಯಿಂದ ಹಿಡಿದು ಜಾತ್ರೆಯ ಖರ್ಚಿನವರೆಗೆ ಅಲ್ಲಿ ಬೀಳುತ್ತಿತ್ತು. ಕಂಪ್ಯೂಟರ್ ಬಂದಮೇಲೆ ಆ ಪುಟ ಹೋಯಿತು ಎಂದರೆ ಅತಿಶಯೋಕ್ತಿಯಲ್ಲ. ಮನೆಗೆ ಒಯ್ದ ಸಾಮಾನಿನ ವಿಷಯದಲ್ಲಿ ಮತ್ತೊಂದು ಮಾತಿದೆ. ಜಿಎಸ್‌ಟಿಯಲ್ಲಿ ಸಾಮಾನ್ಯ ನೋಂದಣಿ ಇರುವ ವ್ಯಾಪಾರಿ ಸ್ವಂತ ಬಳಕೆಗೆ ತೆಗೆದ ಸರಕಿನ ಮೇಲಿನ ಇನ್‌ಪುಟ್ ತೆರಿಗೆಯನ್ನು (ಸರಕು ಕೊಳ್ಳುವಾಗ ಕಟ್ಟಿದ ತೆರಿಗೆಯನ್ನು) ಮರಳಿ ಪಡೆಯುವಂತಿಲ್ಲ. ಅಂದರೆ ಆ ಎಣ್ಣೆಯ ಪ್ಯಾಕೆಟ್ಟಿಗೆ ಚೀಟಿ ಬರೆಯದಿರುವುದು ಮನೆಯೊಳಗಿನ ಮಾತಾಗಿ ಉಳಿಯುವುದಿಲ್ಲ.

ಲೆಕ್ಕ ಬಿಡುವ ಈ ಅಭ್ಯಾಸಕ್ಕೆ ಒಂದು ಮುಖ್ಯ ಕಾರಣ ನಮ್ಮ ಪೇಟೆಗಳಲ್ಲಿ ಎಲ್ಲರ ಬಾಯಲ್ಲೂ ಇರುವ ‘44ಎಡಿ’, ಅಂದರೆ ಸಣ್ಣ ವ್ಯಾಪಾರಿಗಳು ಅಂದಾಜು ಲಾಭ ತೋರಿಸಲು ಹಳೆಯ ಕಾಯ್ದೆ ಕೊಟ್ಟಿದ್ದ ‘ಅಂದಾಜು ಪದ್ಧತಿ’ಯ ಕಲಂ. ಹೊಸ ಕಾಯ್ದೆಯಲ್ಲಿ ಅದು 58ನೇ ಕಲಂ ಆಗಿದೆ, ಆದರೆ ಹೆಸರು ಹೋಗಲು ಇನ್ನೊಂದು ತಲೆಮಾರು ಬೇಕು. ವರ್ಷದ ವಹಿವಾಟು 2 ಕೋಟಿಯೊಳಗಿದ್ದರೆ (ನಗದು ಜಮೆ ಶೇ 5ನ್ನು ಮೀರದಿದ್ದರೆ 3 ಕೋಟಿಯವರೆಗೆ) ಬ್ಯಾಂಕ್ ಮತ್ತು ಡಿಜಿಟಲ್ ಮಾರ್ಗದಲ್ಲಿ ಬಂದ ವಹಿವಾಟಿನ ಶೇ 6ರಷ್ಟನ್ನು, ನಗದಿನ ಶೇ 8ರಷ್ಟನ್ನು ಕನಿಷ್ಠ ಲಾಭವೆಂದು ತೋರಿಸಿ ಲೆಕ್ಕ ಮುಗಿಸಬಹುದು. ಲೆಕ್ಕದ ಪುಸ್ತಕವೂ ಬೇಡ, ಆಡಿಟ್ಟೂ ಬೇಡ. ಒಬ್ಬ ಕಿರಾಣಿ ವ್ಯಾಪಾರಿಯ ವಹಿವಾಟು 90 ಲಕ್ಷ, ಅದರಲ್ಲಿ 60 ಲಕ್ಷ ಯುಪಿಐ ಮತ್ತು ಬ್ಯಾಂಕಿನಲ್ಲಿ, 30 ಲಕ್ಷ ನಗದಿನಲ್ಲಿ ಬಂದಿದೆ ಎಂದುಕೊಳ್ಳೋಣ. 60 ಲಕ್ಷಕ್ಕೆ 3.6 ಲಕ್ಷ, 30 ಲಕ್ಷಕ್ಕೆ 2.4 ಲಕ್ಷ, ಒಟ್ಟು 6 ಲಕ್ಷ ಅವನ ಆದಾಯ. ಹೊಸ ತೆರಿಗೆ ಪದ್ಧತಿಯಲ್ಲಿ (ಕಡಿತಗಳೂ ದರವೂ ಕಡಿಮೆ ಇರುವ ಆಯ್ಕೆ ಇದು, ಹೊಸ ಕಾಯ್ದೆ ಬೇರೆ) ರಿಯಾಯಿತಿ ಕಳೆದು ತೆರಿಗೆ ಶೂನ್ಯ. ಸಣ್ಣವರಿಗೆ ಇದು ನಿಜವಾಗಿಯೂ ದೊಡ್ಡ ಅನುಕೂಲ. ಆದರೆ ಈ ಲೆಕ್ಕದಲ್ಲಿ ಅವನ ನಿಜವಾದ ಲಾಭ ಎಷ್ಟು ಎಂಬುದು ಎಲ್ಲಿಯೂ ಬರುವುದಿಲ್ಲ. ಅದು 5 ಲಕ್ಷವೋ 11 ಲಕ್ಷವೋ ಅವನಿಗೇ ಗೊತ್ತಿಲ್ಲ. ತಿಂಗಳಿಗೆ 45 ಸಾವಿರದಂತೆ ಮನೆಗೆ ಚೂರುಚೂರಾಗಿ 5.4 ಲಕ್ಷ ಹೋಗಿರುತ್ತದೆ, ನಿಜವಾದ ಲಾಭ 5 ಲಕ್ಷವೇ ಆಗಿದ್ದರೆ ಅವನು ಬಂಡವಾಳವನ್ನು ತಿನ್ನುತ್ತಿದ್ದಾನೆ. ಇದು ತಿಳಿಯುವುದು ಸಗಟು ವ್ಯಾಪಾರಿಯ ಉದ್ರಿ ಬೆಳೆದು, ಅವನು ಸಾಮಾನು ಕಳಿಸುವುದನ್ನು ನಿಲ್ಲಿಸಿದ ದಿನ. ತೆರಿಗೆಗಾಗಿ ಒಪ್ಪಿಕೊಂಡ ಅಂದಾಜನ್ನೇ ಜನ ತಮ್ಮ ನಿಜವಾದ ಲಾಭವೆಂದು ನಂಬಲು ತೊಡಗಿದ್ದಾರೆ ಎಂಬುದು ಈ ಪದ್ಧತಿಯ ಬಗ್ಗೆ ನನಗಿರುವ ತಕರಾರು. ಲಾಭ ಅದಕ್ಕಿಂತ ಕಡಿಮೆ ಎಂದು ಒಂದು ವರ್ಷ ತೋರಿಸಿ ಪದ್ಧತಿಯಿಂದ ಹೊರಬಂದರೆ ಮುಂದಿನ ಐದು ವರ್ಷ ಮರಳಿ ಬರುವಂತಿಲ್ಲ ಎಂಬ ನಿಯಮವೂ ಇರುವುದರಿಂದ, ನಷ್ಟವಾದ ವರ್ಷದಲ್ಲೂ ಜನ ಶೇ 8ರ ಲಾಭವನ್ನೇ ಬರೆಸುತ್ತಾರೆ.

ಇದರ ಜೊತೆಗೆ ಇನ್ನೊಂದು ತಪ್ಪು ತಿಳಿವಳಿಕೆ ಇದೆ. “ನಾನು ಅಂಗಡಿಯಿಂದ ತಗೊಳ್ಳೋದೇ ತಿಂಗಳಿಗೆ ಇಪ್ಪತ್ತು ಸಾವಿರ, ನನಗ್ಯಾವ ಟ್ಯಾಕ್ಸು?” ಎಂದು ಕೇಳುವವರು ಇಂದಿಗೂ ಇದ್ದಾರೆ. ತೆರಿಗೆ ಬೀಳುವುದು ಮನೆಗೆ ಒಯ್ದ ಹಣದ ಮೇಲಲ್ಲ, ಗಳಿಸಿದ ಲಾಭದ ಮೇಲೆ; ಅದನ್ನು ಮನೆಗೆ ಒಯ್ದರೂ ಸರಿ, ಅಂಗಡಿಯಲ್ಲೇ ಬಿಟ್ಟರೂ ಸರಿ. ಚೌಕಿಪೇಟೆಯ ಒಂದು ಬಟ್ಟೆ ಅಂಗಡಿಗೆ ವರ್ಷಕ್ಕೆ 15 ಲಕ್ಷ ಲಾಭ ಬಂದು, ಅದರಲ್ಲಿ ಬಹುಭಾಗ ಮದುವೆ ಸೀಸನ್ನಿನ ಸೀರೆಗಳಾಗಿ ಕಪಾಟಿನಲ್ಲಿ ಕೂತಿದೆ ಎನ್ನಿ. ಮಾಲೀಕನ ಕೈಯಲ್ಲಿ ಹಣವಿಲ್ಲ, ಆದರೆ 2025–26ರ ದರದಲ್ಲಿ ತೆರಿಗೆ 1,05,000 ರೂಪಾಯಿ, ಸೆಸ್ (ತೆರಿಗೆಯ ಮೇಲಿನ ಉಪಕರ) ಸೇರಿ 1,09,200. ಅಂದಾಜು ಪದ್ಧತಿಯಲ್ಲಿರುವವರು ಇದನ್ನು ಮಾರ್ಚ್ 15ರೊಳಗೆ ಒಂದೇ ಕಂತಿನಲ್ಲಿ ಮುಂಗಡವಾಗಿ ಕಟ್ಟಬೇಕು. ಉಳಿದವರು ಜೂನ್, ಸೆಪ್ಟೆಂಬರ್, ಡಿಸೆಂಬರ್, ಮಾರ್ಚ್ ತಿಂಗಳ 15ರೊಳಗೆ ನಾಲ್ಕು ಕಂತುಗಳಲ್ಲಿ. ತಪ್ಪಿದರೆ ತಿಂಗಳಿಗೆ ಶೇ 1ರ ಬಡ್ಡಿ. ಸಂಬಳದಾರನ ತೆರಿಗೆಯನ್ನು ಅವನ ಕಚೇರಿಯೇ ತಿಂಗಳು ತಿಂಗಳು ಹಿಡಿದುಕೊಳ್ಳುವುದರಿಂದ ಅವನಿಗೆ ಮಾರ್ಚ್‌ನ ಭಯವಿಲ್ಲ. ವ್ಯಾಪಾರಿಗೆ ಆ ಕಚೇರಿ ಅವನೇ ಆಗಬೇಕು. ದೀಪಾವಳಿಯ ಸ್ಟಾಕಿಗೆ ಹಾಕಿದ ತೆರಿಗೆಯ ಹಣ ಮಾರ್ಚ್‌ಗೆ ಮರಳಿ ಬಂದೇ ಬರುತ್ತದೆ ಎಂಬ ಧೈರ್ಯದ ಮೇಲೆ ವ್ಯಾಪಾರ ಮಾಡುವವರನ್ನು ನಾನು ಬಹಳ ಕಂಡಿದ್ದೇನೆ.

ಈಗ ಕಾನೂನಿನ ಅಸಮಾನತೆಯ ವಿಷಯಕ್ಕೆ ಬರುತ್ತೇನೆ. ಅದೇ ಅಂಗಡಿ, ಅದೇ ಗಲ್ಲಾ, ಅದೇ ದುಡಿಮೆ. ಆದರೆ ಬೋರ್ಡಿನ ಕೆಳಗೆ ಏನು ಬರೆದಿದೆ ಎಂಬುದರ ಮೇಲೆ ಮಾಲೀಕನ ಸಂಬಳದ ಭವಿಷ್ಯ ನಿಂತಿದೆ. ಪ್ರೈವೇಟ್ ಲಿಮಿಟೆಡ್ ಎಂದಿದ್ದರೆ ಅವನು ನಿರ್ದೇಶಕ. ಕಂಪನಿ ಅವನಿಗೆ ಸಂಬಳ ಕೊಟ್ಟು ಖರ್ಚು ಹಾಕಬಹುದು, ಅವನು ಹೊಸ ಪದ್ಧತಿಯಲ್ಲಿ 75,000 ರೂಪಾಯಿಯ ಸ್ಟ್ಯಾಂಡರ್ಡ್ ಡಿಡಕ್ಷನ್ (ಖರ್ಚಿನ ಲೆಕ್ಕ ಕೇಳದೆ ಸಂಬಳದಿಂದ ಕಳೆಯುವ ನಿಗದಿತ ಮೊತ್ತ) ಪಡೆಯಬಹುದು, ಕಂಪನಿ ಅವನ ಎನ್‌ಪಿಎಸ್ ಪಿಂಚಣಿ ಖಾತೆಗೆ ಸಂಬಳದ ಶೇ 14ರವರೆಗೆ ಕಟ್ಟಿದರೆ ಅದಕ್ಕೂ ವಿನಾಯಿತಿ ಇದೆ. ಹಾಗೆಂದು ಕಿರಾಣಿ ಅಂಗಡಿಯವರೆಲ್ಲ ಕಂಪನಿ ಮಾಡಿಕೊಳ್ಳಿ ಎಂದು ನಾನು ಹೇಳಲಾರೆ. ವಹಿವಾಟು ಎಷ್ಟೇ ಚಿಕ್ಕದಿರಲಿ, ಕಂಪನಿಗೆ ಆಡಿಟ್ ಕಡ್ಡಾಯ. ಕಂಪನಿಯ ಖಾತೆಯಿಂದ ಮನೆ ಕಟ್ಟಲು ಸಾಲವೆಂದು ಹಣ ತೆಗೆದರೆ ಅದು ಡಿವಿಡೆಂಡ್ ಎಂದು ಪರಿಗಣಿತವಾಗಿ ತೆರಿಗೆ ಬೀಳಬಹುದು. ಗಲ್ಲಾಕ್ಕೆ ಕೈ ಹಾಕುವ ಅಭ್ಯಾಸದವರು ಕಂಪನಿ ಮಾಡಿಕೊಂಡರೆ ಹೊಸ ತೊಂದರೆಯನ್ನು ಕೊಂಡಂತೆ.

ಪಾಲುದಾರಿಕೆಯದು ನಡುವಿನ ದಾರಿ. ಅಣ್ಣತಮ್ಮಂದಿರು ಸೇರಿ ನಡೆಸುವ ಅಂಗಡಿಗಳು ನಮ್ಮಲ್ಲಿ ಹೆಚ್ಚಿರುವುದರಿಂದ ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಕೆಲಸ ಮಾಡುವ ಪಾಲುದಾರನಿಗೆ ಪಾಲುದಾರಿಕೆ ಪತ್ರದಲ್ಲಿ ಬರೆದಿರುವಂತೆ ಕೊಟ್ಟ ಸಂಬಳವನ್ನು ಸಂಸ್ಥೆ ಖರ್ಚು ಹಾಕಬಹುದು, ಆದರೆ ಮಿತಿ ಇದೆ. 2024ರ ಬಜೆಟ್ ಈ ಮಿತಿಯನ್ನು ಹೆಚ್ಚಿಸಿತು: ಸಂಬಳಕ್ಕೆ ಮುಂಚಿನ ಲಾಭದ ಮೊದಲ 6 ಲಕ್ಷದ ಮೇಲೆ 3 ಲಕ್ಷ ಅಥವಾ ಶೇ 90, ಯಾವುದು ಹೆಚ್ಚೋ ಅದು, ಉಳಿದದ್ದರ ಮೇಲೆ ಶೇ 60. ಇಬ್ಬರು ಸಹೋದರರ ಅಂಗಡಿಗೆ 8 ಲಕ್ಷ ಲಾಭ ಇದೆ ಎನ್ನೋಣ. ಮೊದಲ 6 ಲಕ್ಷಕ್ಕೆ 5.4 ಲಕ್ಷ, ಉಳಿದ 2 ಲಕ್ಷಕ್ಕೆ 1.2 ಲಕ್ಷ, ಒಟ್ಟು 6.6 ಲಕ್ಷ ಸಂಬಳವಾಗಿ ಹೋಗಬಹುದು. ಉಳಿಯುವ 1.4 ಲಕ್ಷಕ್ಕೆ ಸಂಸ್ಥೆ ಶೇ 30 ಮತ್ತು ಸೆಸ್ ಸೇರಿ 43,680 ರೂಪಾಯಿ ಕಟ್ಟಬೇಕು, ಏಕೆಂದರೆ ಪಾಲುದಾರಿಕೆ ಸಂಸ್ಥೆಗೆ ಮೂಲ ವಿನಾಯಿತಿಯಿಲ್ಲ, ರಿಯಾಯಿತಿಯೂ ಇಲ್ಲ, ಮೊದಲ ರೂಪಾಯಿಯಿಂದಲೇ ಶೇ 30. ಇದೇ ಅಂಗಡಿಯನ್ನು ಒಬ್ಬನೇ ನಡೆಸಿ 8 ಲಕ್ಷ ಗಳಿಸಿದ್ದರೆ ಹೊಸ ಪದ್ಧತಿಯಲ್ಲಿ ಅವನ ತೆರಿಗೆ ಶೂನ್ಯ. ಒಟ್ಟಿಗೆ ದುಡಿದದ್ದಕ್ಕೆ 43,680 ರೂಪಾಯಿ ಎಂದು ನನ್ನ ಬಳಿ ಬಂದ ಸಹೋದರರಿಗೆ ವಿವರಿಸುವುದು ಯಾವತ್ತೂ ಸುಲಭವಾಗಿರಲಿಲ್ಲ.

ಇದು ಸಾಲದೆಂಬಂತೆ 2025ರ ಏಪ್ರಿಲ್‌ನಿಂದ ಪಾಲುದಾರರಿಗೆ ಕೊಡುವ ಸಂಬಳ, ಬಡ್ಡಿ, ಕಮಿಷನ್ ವರ್ಷಕ್ಕೆ 20,000 ರೂಪಾಯಿ ದಾಟಿದರೆ ಶೇ 10ರ ಟಿಡಿಎಸ್ (ಹಣ ಕೊಡುವಾಗಲೇ ಕಡಿದುಕೊಳ್ಳುವ ತೆರಿಗೆ) ಹಿಡಿಯಬೇಕು ಎಂಬ ನಿಯಮ ಬಂದಿದೆ. ಮೇಲಿನ ಉದಾಹರಣೆಯಲ್ಲಿ ಒಬ್ಬೊಬ್ಬ ಸಹೋದರನಿಗೆ 3.3 ಲಕ್ಷ ಸಂಬಳ. ಬೇರೆ ಆದಾಯವಿಲ್ಲದಿದ್ದರೆ ಅವನು ಕಟ್ಟಬೇಕಾದ ತೆರಿಗೆ ಶೂನ್ಯ, ಆದರೆ ಅವನ ಹೆಸರಿನಲ್ಲಿ 33,000 ಕಡಿತ. ಸಂಸ್ಥೆ ಟ್ಯಾನ್ ಸಂಖ್ಯೆ (ತೆರಿಗೆ ಕಡಿತ ಮಾಡುವವರ ನೋಂದಣಿ ಸಂಖ್ಯೆ) ಪಡೆದು, ಕಡಿತ ಮಾಡಿ, ಮೂರು ತಿಂಗಳಿಗೊಮ್ಮೆ ವಿವರ ಸಲ್ಲಿಸಬೇಕು. ಸಹೋದರರಿಬ್ಬರೂ ರಿಟರ್ನ್ಸ್ ಹಾಕಿ ತಮ್ಮದೇ ಹಣವನ್ನು ಮರಳಿ ಕೇಳಬೇಕು. ದೊಡ್ಡ ಸಂಸ್ಥೆಗಳ ಪಾಲುದಾರರಿಂದ ತೆರಿಗೆ ತಪ್ಪದಂತೆ ನೋಡಿಕೊಳ್ಳಲು ಈ ನಿಯಮ ಬೇಕಿತ್ತು ಎಂದರೆ ಒಪ್ಪಬಹುದು. 20,000ದ ಮಿತಿ ಯಾರನ್ನು ದೊಡ್ಡವರೆಂದು ತಿಳಿದು ಇಟ್ಟದ್ದು ಎಂಬುದು ಮಾತ್ರ ನನಗೆ ಇನ್ನೂ ಅರ್ಥವಾಗಿಲ್ಲ. 44ಎಡಿ ಅಡಿ ಲಾಭ ತೋರಿಸುವ ಪಾಲುದಾರಿಕೆ ಸಂಸ್ಥೆಗಾದರೆ ಪಾಲುದಾರರ ಸಂಬಳವನ್ನು ಪ್ರತ್ಯೇಕವಾಗಿ ಕಳೆಯುವ ಅವಕಾಶವೂ ಇಲ್ಲ. ಅದು ಕೆಲವು ವರ್ಷಗಳ ಹಿಂದೆಯೇ ಹೋಯಿತು.

ಇನ್ನು ಒಬ್ಬನೇ ಮಾಲೀಕನಿರುವ ಅಂಗಡಿ. ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗೆ ತೆರಿಗೆಯಿಲ್ಲ ಎಂದು ಎಲ್ಲೆಡೆ ಪ್ರಚಾರವಾಯಿತು. ಸಂಬಳದಾರನಿಗೆ ಸ್ಟ್ಯಾಂಡರ್ಡ್ ಡಿಡಕ್ಷನ್ ಸೇರಿ 12.75 ಲಕ್ಷದವರೆಗೂ ಇಲ್ಲ. ಅದೇ 12.75 ಲಕ್ಷ ಲಾಭ ಗಳಿಸಿದ ಅಂಗಡಿಯ ಮಾಲೀಕ 12 ಲಕ್ಷದ ಗಡಿ ದಾಟಿದ್ದರಿಂದ ರಿಯಾಯಿತಿ ಕಳೆದುಕೊಂಡು 71,250 ರೂಪಾಯಿ ತೆರಿಗೆ, 2,850 ರೂಪಾಯಿ ಸೆಸ್, ಒಟ್ಟು 74,100 ರೂಪಾಯಿ ಕಟ್ಟಬೇಕು. ವಿನಾಯಿತಿಯ ವ್ಯತ್ಯಾಸ 75,000, ಅದರಿಂದ ಹುಟ್ಟುವ ತೆರಿಗೆಯ ವ್ಯತ್ಯಾಸವೂ ಹೆಚ್ಚುಕಡಿಮೆ ಅಷ್ಟೇ. ಇದು ಗಡಿಯಲ್ಲಿ ನಿಂತವನ ಉದಾಹರಣೆ ಎಂಬುದು ನಿಜ. ಮೇಲೆ ಹೋದಂತೆ, ಕೆಳಗೆ ಇಳಿದಂತೆ ಅಂತರ ಕಡಿಮೆಯಾಗುತ್ತದೆ. ಆದರೆ ಇಬ್ಬರಲ್ಲಿ ಒಬ್ಬನಿಗೆ ಭಾನುವಾರ ರಜೆ, ಭವಿಷ್ಯ ನಿಧಿ, ಗ್ರಾಚ್ಯುಟಿ ಇದೆ, ಇನ್ನೊಬ್ಬನಿಗೆ ಯಾವುದೂ ಇಲ್ಲ ಎಂಬುದನ್ನು ನೆನೆದಾಗ ಈ 74,100 ಸಣ್ಣದಾಗಿ ಕಾಣುವುದಿಲ್ಲ.

ಇದಕ್ಕೆ ಇಲಾಖೆಯ ಕಡೆಯ ಉತ್ತರ ನನಗೆ ಗೊತ್ತಿದೆ, ಅದರಲ್ಲಿ ತೂಕವೂ ಇದೆ. ಸಂಬಳದಾರ ಬಸ್ಸಿನ ಖರ್ಚು, ಫೋನಿನ ಖರ್ಚು ಕಳೆಯಲಾರ, ಅದಕ್ಕಾಗಿಯೇ ಅವನಿಗೆ ಒಂದು ಗಂಟು ವಿನಾಯಿತಿ. ವ್ಯಾಪಾರಿ ಬಾಡಿಗೆ, ಕರೆಂಟು, ಬೈಕಿನ ಪೆಟ್ರೋಲು ಎಲ್ಲವನ್ನೂ ಕಳೆಯುತ್ತಾನೆ. ಅಂದಾಜು ಪದ್ಧತಿಯಲ್ಲಿ ಶೇ 12 ಗಳಿಸಿ ಶೇ 6 ತೋರಿಸುವವರೂ ಇದ್ದಾರೆ, ಅಂಥವರ ದುಡಿಮೆಯ ಸಂಬಳ ಆ ವ್ಯತ್ಯಾಸದಲ್ಲೇ ಸೇರಿಹೋಗಿದೆ. ಹೀಗಾಗಿ ಎಲ್ಲ ವ್ಯಾಪಾರಿಗಳಿಗೂ ಸ್ಟ್ಯಾಂಡರ್ಡ್ ಡಿಡಕ್ಷನ್ ಕೊಡಿ ಎಂದು ಕೇಳುವುದು ನ್ಯಾಯವಲ್ಲ, ಅಂದಾಜು ಪದ್ಧತಿಯವರಿಗೆ ಅದು ಬೇಡ. ಲೆಕ್ಕದ ಪುಸ್ತಕ ಇಟ್ಟು, ನಿಜವಾದ ಲಾಭ ತೋರಿಸಿ, ವ್ಯಾಪಾರದ ಬ್ಯಾಂಕ್ ಖಾತೆಯಿಂದ ಮನೆಯ ಖಾತೆಗೆ ಪ್ರತಿ ತಿಂಗಳು ನಿಗದಿತ ಮೊತ್ತವನ್ನು ವರ್ಗಾಯಿಸುವ ಮಾಲೀಕನಿಗೆ, ಸಂಬಳದಾರನಿಗೆ ಇರುವಷ್ಟೇ ಕಡಿತವನ್ನು ಕೊಡಲಿ. ಇದರಿಂದ ಸರ್ಕಾರಕ್ಕೆ ಬರುವ ತೆರಿಗೆ ಸ್ವಲ್ಪ ಕಡಿಮೆಯಾಗಬಹುದು. ಆದರೆ ಲೆಕ್ಕ ಬರೆಯುವುದು ದಂಡ, ಬರೆಯದಿರುವುದು ಜಾಣತನ ಎಂಬ ಇಂದಿನ ಸ್ಥಿತಿ ತಿರುಗಲು ಇಂಥದೊಂದು ಆಕರ್ಷಣೆ ಬೇಕು.

ಹೆಂಡತಿಯ ದುಡಿಮೆಯ ಮಾತು ಇನ್ನೂ ಕಷ್ಟದ್ದು. ಒಂದು ಖಾನಾವಳಿಯನ್ನು ಗಂಡ ತನ್ನ ಹೆಸರಿನಲ್ಲಿ ನಡೆಸುತ್ತಾನೆ. ಮುಂದೆ ಕೂತು ಬಿಲ್ಲು ಮಾಡುವವನು ಅವನು. ಒಳಗೆ ಒಲೆಯ ಮುಂದೆ ಜೋಳದ ರೊಟ್ಟಿ ತಟ್ಟುವವಳು, ಎಣ್ಣೆಗಾಯಿಯ ಮಸಾಲೆ ಅರೆಯುವವಳು, ಇಬ್ಬರು ಸಹಾಯಕಿಯರ ಕೆಲಸ ನೋಡುವವಳು ಅವನ ಹೆಂಡತಿ. ಅವಳಿಗೆ ತಿಂಗಳಿಗೆ 20,000 ಸಂಬಳ ಕೊಟ್ಟು ಖರ್ಚು ಬರೆದರೆ, ಅವಳಿಗೆ ತಾಂತ್ರಿಕ ಅಥವಾ ವೃತ್ತಿಪರ ಅರ್ಹತೆ ಇದೆ, ಸಂಬಳ ಬಂದದ್ದು ಆ ಅರ್ಹತೆಯಿಂದಲೇ ಎಂದು ತೋರಿಸದಿದ್ದರೆ, ಆ ಸಂಬಳವನ್ನು ಕಾನೂನು ಮತ್ತೆ ಗಂಡನ ಆದಾಯಕ್ಕೇ ಸೇರಿಸುತ್ತದೆ. ಅದೇ 20,000ವನ್ನು ಪಕ್ಕದ ಮನೆಯ ಹೆಣ್ಣುಮಗಳಿಗೆ ಕೊಟ್ಟರೆ ಯಾರೂ ಪ್ರಮಾಣಪತ್ರ ಕೇಳುವುದಿಲ್ಲ. ತೆರಿಗೆ ಉಳಿಸಲು ಕೆಲಸ ಮಾಡದ ಹೆಂಡತಿಯ ಹೆಸರಿನಲ್ಲಿ ಸಂಬಳ ಬರೆಯುವವರನ್ನು ತಡೆಯಲು ಈ ನಿಯಮ ಬಂತು ಎಂಬುದು ಸರಿಯೇ. ಆದರೆ ಸಂಬಂಧಿಕರಿಗೆ ಕೊಟ್ಟದ್ದು ಮಾರುಕಟ್ಟೆಯ ದರಕ್ಕಿಂತ ಹೆಚ್ಚಾಗಿದ್ದರೆ ಆ ಹೆಚ್ಚುವರಿಯನ್ನು ಒಪ್ಪದಿರುವ ಅಧಿಕಾರ ಇಲಾಖೆಗೆ ಪ್ರತ್ಯೇಕವಾಗಿ ಇದ್ದೇ ಇದೆ. ಅದು ಇರುವಾಗ, ನಿಜವಾಗಿ ದುಡಿಯುವವಳಿಂದ ಸರ್ಟಿಫಿಕೇಟ್ ಕೇಳುವುದು ಯಾವ ಕಾಲದ ನ್ಯಾಯ? ವರ್ಷಗಳ ಅನುಭವವನ್ನು ಅರ್ಹತೆಯೆಂದು ಒಪ್ಪಿ, ಬ್ಯಾಂಕ್ ಮೂಲಕ ಅವಳ ಸ್ವಂತ ಖಾತೆಗೆ ಸಂದ ಸಂಬಳವನ್ನು ಅವಳ ಆದಾಯವೆಂದೇ ಎಣಿಸುವಂತೆ ನಿಯಮ ಬದಲಾಗಬೇಕು. ಹಾಗಾದರೆ ಅವಳ ಹೆಸರಿನಲ್ಲಿಯೂ ಒಂದು ರಿಟರ್ನ್ಸ್ ಇರುತ್ತದೆ, ಅವಳಿಗೆ ಸಾಲ ಬೇಕಾದ ದಿನ ಅದು ಕೆಲಸಕ್ಕೆ ಬರುತ್ತದೆ.

ಕಾನೂನು ಬದಲಾಗುವವರೆಗೆ ಕಾಯಬೇಕಾಗಿಲ್ಲದ ಕೆಲಸವೂ ಒಂದಿದೆ. 2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟಿನ ಮಾಹಿತಿಯ ಮೇಲೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಾಗ ಬೆಂಗಳೂರಿನ ಎಷ್ಟೋ ಅಂಗಡಿಗಳಲ್ಲಿ ಕ್ಯೂಆರ್ ಕೋಡ್ ಹೋಗಿ ‘ನಗದು ಮಾತ್ರ’ ಎಂಬ ಬೋರ್ಡು ಬಂದದ್ದು, ಮುಖ್ಯಮಂತ್ರಿಗಳೇ ವ್ಯಾಪಾರಿಗಳನ್ನು ಕರೆದು ಮಾತನಾಡಿದ್ದು ಓದುಗರಿಗೆ ನೆನಪಿರಬಹುದು. ಆಗ ಅನೇಕರು ಹೇಳಿದ್ದು ಒಂದೇ ಮಾತು: ಖಾತೆಗೆ ಬಂದದ್ದೆಲ್ಲ ವ್ಯಾಪಾರದ್ದಲ್ಲ, ಭಾವ ವಾಪಸು ಕೊಟ್ಟ ಕೈಸಾಲವೂ ಅದರಲ್ಲಿದೆ, ಮನೆ ಬಾಡಿಗೆಯೂ ಇದೆ, ಸ್ನೇಹಿತರೊಂದಿಗೆ ಹೋದ ಪ್ರವಾಸದ ಖರ್ಚಿನ ಪಾಲೂ ಇದೆ. ಮಾತು ನಿಜವೇ ಇರಬಹುದು, ಆದರೆ ಅದನ್ನು ಸಾಬೀತು ಮಾಡುವುದು ಹೇಗೆ? ಅದು ಜಿಎಸ್‌ಟಿಯ ಪ್ರಕರಣ, ಆದಾಯ ತೆರಿಗೆಯದಲ್ಲ. ಆದರೂ ಪಾಠ ಎರಡಕ್ಕೂ ಒಂದೇ. ವ್ಯಾಪಾರಕ್ಕೆ ಒಂದು ಕರೆಂಟ್ ಖಾತೆ, ಮನೆಗೆ ಒಂದು ಉಳಿತಾಯ ಖಾತೆ, ಅಂಗಡಿಯ ಕ್ಯೂಆರ್ ಕೋಡ್ ಮೊದಲನೆಯದಕ್ಕೆ ಮಾತ್ರ. ಉಳಿತಾಯ ಖಾತೆಗೆ ವರ್ಷಕ್ಕೆ 10 ಲಕ್ಷ ಅಥವಾ ಹೆಚ್ಚು ನಗದು ಕಟ್ಟಿದರೆ ಬ್ಯಾಂಕು ಅದನ್ನು ಆದಾಯ ತೆರಿಗೆ ಇಲಾಖೆಗೆ ತಿಳಿಸುತ್ತದೆ; ಕರೆಂಟ್ ಖಾತೆಗೆ ಆ ಮಿತಿ 50 ಲಕ್ಷ. ಅಂಗಡಿಯ ನಗದನ್ನು ಮನೆಯ ಖಾತೆಗೆ ತುಂಬುವವರು ಇದನ್ನಾದರೂ ಗಮನಿಸಲಿ.

ತಿಂಗಳ ಮೊದಲ ವಾರದಲ್ಲಿ ಅಂಗಡಿಯ ಖಾತೆಯಿಂದ ಮನೆಯ ಖಾತೆಗೆ ಒಂದು ನಿಗದಿತ ಮೊತ್ತ ಹೋಗಲಿ. ಎಷ್ಟು ಎಂದು ಕೇಳಿದರೆ, ನಾಳೆಯಿಂದ ಅಂಗಡಿಗೆ ಬರಲಾಗದಿದ್ದರೆ ನಿಮ್ಮ ಕೆಲಸವನ್ನೆಲ್ಲ ಮಾಡುವ ನಂಬಿಕಸ್ಥ ಮ್ಯಾನೇಜರನಿಗೆ ಎಷ್ಟು ಕೊಡಬೇಕಾಗುತ್ತದೋ ಅಷ್ಟು ಎಂದು ನಾನು ಹೇಳುತ್ತಿದ್ದೆ. ಅಷ್ಟು ತೆಗೆದ ಮೇಲೂ ಅಂಗಡಿಯಲ್ಲಿ ಏನಾದರೂ ಉಳಿದರೆ ಅದು ಲಾಭ. ಉಳಿಯದಿದ್ದರೆ ಅಂಗಡಿ ನಡೆಯುತ್ತಿರುವುದು ನಿಮ್ಮ ಬಿಟ್ಟಿ ಕೂಲಿಯ ಮೇಲೆ. ಮನೆಗೆ ಒಯ್ಯುವ ಅಕ್ಕಿ ಬೇಳೆಗೂ ಕೊಂಡ ದರದಲ್ಲಿ ಚೀಟಿ ಹರಿದು ತಿಂಗಳ ಕೊನೆಗೆ ಈ ಮೊತ್ತದಲ್ಲಿ ಹಿಡಿಯಬೇಕು. ಮುಂಗಡ ತೆರಿಗೆಗೆಂದು ಮೂರನೆಯ ಖಾತೆಯೊಂದರಲ್ಲಿ ತಿಂಗಳು ತಿಂಗಳು ಇಡುವವರಿಗೆ ಮಾರ್ಚ್ ತಿಂಗಳು ಬೇರೆ ತಿಂಗಳುಗಳಂತೆಯೇ ಕಳೆಯುತ್ತದೆ.

ಲಾಭವನ್ನು ಕಡಿಮೆ ತೋರಿಸುವ ಹಳೆಯ ಚಾಳಿಗೆ ಈಗ ಅರ್ಥವೂ ಉಳಿದಿಲ್ಲ. 5 ಲಕ್ಷದವರೆಗೆ ತೆರಿಗೆಯಿಲ್ಲ ಎಂದಿದ್ದ ಕಾಲದಲ್ಲಿ ಪೇಟೆಯ ರಿಟರ್ನ್ಸ್‌ಗಳೆಲ್ಲ 4.9 ಲಕ್ಷಕ್ಕೆ ಬಂದು ನಿಲ್ಲುತ್ತಿದ್ದವು. ನಾನೂ ಅಂಥವನ್ನು ಸಾಕಷ್ಟು ನೋಡಿದ್ದೇನೆ. ಆ ವ್ಯಾಪಾರಿ ಮನೆ ಸಾಲಕ್ಕೆ ಬ್ಯಾಂಕಿಗೆ ಹೋದಾಗ ಮ್ಯಾನೇಜರು ಕೇಳುವುದು ಹಿಂದಿನ ಎರಡು ಮೂರು ವರ್ಷಗಳ ರಿಟರ್ನ್ಸ್. ತಿಂಗಳಿಗೆ ಎಪ್ಪತ್ತು ಸಾವಿರ ಗಳಿಸುವವನ ಕಾಗದದ ಮೇಲೆ ತಿಂಗಳಿಗೆ ನಲವತ್ತು ಸಾವಿರ ಇದ್ದರೆ, ಅವರು ಸಾಲ ಕೊಡುವುದು ಕಾಗದಕ್ಕೆ. ಈಗ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ವ್ಯಾಪಾರದ ಆದಾಯಕ್ಕೆ ತೆರಿಗೆ ಇಲ್ಲದಿರುವಾಗ 8 ಲಕ್ಷ ಗಳಿಸಿ 5 ಲಕ್ಷ ತೋರಿಸುವವನು ಯಾವ ತೆರಿಗೆಯನ್ನು ಉಳಿಸುತ್ತಿದ್ದಾನೆ? ಒಂದೇ ವರ್ಷದಲ್ಲಿ ಆದಾಯ ಏರಿದ್ದೇಕೆಂದು ಪ್ರಶ್ನೆ ಬರಬಹುದೆಂಬ ಅಂಜಿಕೆ ಜನರಲ್ಲಿದೆ. ಆದಾಯ ಏರುವುದು ಅಪರಾಧವಲ್ಲ. ಬ್ಯಾಂಕ್ ಖಾತೆಯೂ ಲೆಕ್ಕವೂ ತಾಳೆಯಾದರೆ ಉತ್ತರ ಕೊಡುವುದು ಕಷ್ಟವೂ ಅಲ್ಲ.

ಕೇಂದ್ರ ಹಣಕಾಸು ಸಚಿವಾಲಯ ಪ್ರತಿ ಬಜೆಟ್ಟಿಗೆ ಮುಂಚೆ ವಾಣಿಜ್ಯ ಸಂಸ್ಥೆಗಳ ಸಲಹೆ ಕೇಳುವುದು ವಾಡಿಕೆ. ನಮ್ಮ ಜಿಲ್ಲಾ ವಾಣಿಜ್ಯ ಮಂಡಳಿಗಳ ಮನವಿಗಳಲ್ಲಿ ಸಾಮಾನ್ಯವಾಗಿ ದರ ಇಳಿಸಿ, ಕೊನೆಯ ದಿನಾಂಕ ಮುಂದೂಡಿ ಎಂಬ ಬೇಡಿಕೆಗಳೇ ತುಂಬಿರುತ್ತವೆ. ಮುಂದಿನ ಫೆಬ್ರುವರಿಯ ಬಜೆಟ್ಟಿಗೆ ಕಳಿಸುವ ಮನವಿಯಲ್ಲಿ ಲೆಕ್ಕ ಬರೆಯುವ ಮಾಲೀಕನಿಗೆ 75,000 ರೂಪಾಯಿಯ ಕಡಿತ, ದುಡಿಯುವ ಹೆಂಡತಿಯ ಸಂಬಳವನ್ನು ಗಂಡನ ಆದಾಯಕ್ಕೆ ಸೇರಿಸುವ ನಿಯಮದ ತಿದ್ದುಪಡಿ, ತೆರಿಗೆ ಬೀಳದಷ್ಟು ಸಂಬಳ ಪಡೆಯುವ ಪಾಲುದಾರನಿಗೆ ಟಿಡಿಎಸ್‌ನಿಂದ ವಿನಾಯಿತಿ ಈ ಮೂರನ್ನೂ ಅವರು ಸೇರಿಸಲಿ, ನಮ್ಮ ಸಂಸದರು ಅದನ್ನು ಸದನದಲ್ಲಿ ಎತ್ತಲಿ ಎಂದು ತಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ತೆರಿಗೆ ಸಲಹೆಗಾರ
ದಾವಣಗೆರೆ